ಡಾಕೀಸೋ, ಒಗ್ನಿಸ್ಕೊವೋ?

ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ಪೋಲೆಂಡಿನ ಮನೆಯೂಟ ಬಯಸುವವರಿಗೆ ನಡಿಗೆಯ ದೂರದಲ್ಲೇ ಎರಡು ಹಳೆಯ ಆಯ್ಕೆಗಳಿವೆ. ಎಕ್ಸಿಬಿಷನ್ ರಸ್ತೆಯ ಒಗ್ನಿಸ್ಕೊ, ಯುದ್ಧಕಾಲದಲ್ಲಿ ದೇಶ ತೊರೆದು ಬಂದ ಪೋಲಿಷರಿಗಾಗಿ 1940ರಲ್ಲಿ ತೆರೆದ ಕ್ಲಬ್ಬಿನ ಕಟ್ಟಡದಲ್ಲಿದ್ದು, ವಿಶೇಷ ದಿನದ ಊಟಕ್ಕೆ ತಕ್ಕುದಾಗಿದೆ. ಟ್ಯೂಬ್ (ಭೂಗತ ರೈಲು) ನಿಲ್ದಾಣದ ಪಕ್ಕದಲ್ಲೇ 1947ರಲ್ಲಿ ಆರಂಭವಾದ ಡಾಕೀಸ್ ಆಡಂಬರವಿಲ್ಲದ ಜಾಗ; ಹುಳಿ ಬರಿಸಿದ, ರೈ ಎಂಬ ಧಾನ್ಯದ ಹಿಟ್ಟಿನ ಜುರೆಕ್ ಸೂಪಿನ ಬಿಸಿಯನ್ನು ಸಾವಧಾನವಾಗಿ ಸವಿಯಬೇಕೆನ್ನುವವರಿಗೆ ನಾನು ಹೇಳುವುದು ಇದನ್ನೇ. ಸಸ್ಯಾಹಾರಿಗಳು ಮಾತ್ರ, ಸಾಸೇಜ್ ಹಾಕುವ ಜುರೆಕ್ ಬಿಟ್ಟು, ನಮ್ಮ ಕರ್ಜಿಕಾಯಿಯಂತೆ ಅಂಚು ಒತ್ತಿ ಮುಚ್ಚಿ ನೀರಿನಲ್ಲಿ ಬೇಯಿಸಿದ, ಆಲೂಗಡ್ಡೆ ಮತ್ತು ಪನೀರಿನಂಥ ಚೀಸಿನ ಹೂರಣದ ಪಿಯೆರೋಗಿಯನ್ನು ಆರಿಸಿಕೊಳ್ಳಬಹುದು; ಅದರ ಮೇಲೆ ಹುರಿದ ಹಂದಿಕೊಬ್ಬಿನ ಚೂರು ಉದುರಿಸುವ ರೂಢಿ ಪೋಲೆಂಡಿನಲ್ಲಿರುವುದರಿಂದ, ಎಲ್ಲಿಯೇ ಆಗಲಿ, ಮೊದಲೇ ವಿಚಾರಿಸಬೇಕು.