ಸುಂಡಾ ಬೆಟ್ಟದ ಮೂರು ಹಳ್ಳಿ: ನಿಮಗೆ ಯಾವುದು?

ಇಂಡೋನೇಷ್ಯಾದ ಜಾವಾ ದ್ವೀಪದ ಪಶ್ಚಿಮ ಭಾಗದಲ್ಲಿ ಸುಂಡಾ ಜನಾಂಗದ ರೈತರ ಬದುಕು ನೋಡಬೇಕು, ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ. ಒಂದೇ ದಿನ ಬಿಡುವಿದ್ದರೆ ಕಂಪುಂಗ್ ನಾಗಾ. ಗರುತ್–ತಾಸಿಕ್‌ಮಲಾಯ ರಸ್ತೆಯಲ್ಲಿ ಇಳಿದು 400ಕ್ಕೂ ಹೆಚ್ಚು ಮೆಟ್ಟಿಲು ಇಳಿದರೆ ಚಿವುಲಾನ್ ಹೊಳೆ, ಅದರ ದಂಡೆಗೆ ಊರು. ಮಂಡಿನೋವಿದ್ದವರಿಗೆ ವಾಪಸ್ ಹತ್ತುವುದೇ ಕಷ್ಟ. ಮಂಗಳವಾರ, ಬುಧವಾರ, ಶನಿವಾರ ಬೇಡ. ಆ ದಿನಗಳಲ್ಲಿ ಊರವರು ತಮ್ಮ ಸಂಪ್ರದಾಯದ ಮಾತೆತ್ತುವುದಿಲ್ಲ.

ಭತ್ತದ ಬೇಸಾಯವನ್ನೇ ಅರಿಯಬೇಕೆಂದರೆ ಚಿಪ್ತಾಗೆಲಾರ್‌ಗೆ ಸಮ ಇನ್ನೊಂದಿಲ್ಲ. ವರ್ಷಕ್ಕೆ ಒಂದೇ ಬೆಳೆ. ತೆನೆಗಳನ್ನು ಕಟ್ಟು ಕಟ್ಟಿ, ಬಿದಿರಿನ ಗಳಗಳ ಮೇಲೆ ಸಾಲಾಗಿ ಒಣಗಿಸಿ, ಕಂಬಗಳ ಮೇಲೆ ನಿಂತ ಮರದ ಕಣಜಕ್ಕೆ ತುಂಬುತ್ತಾರೆ. ಭತ್ತ, ಅಕ್ಕಿ ಮಾರುವುದು ನಿಷಿದ್ಧ. ಆದರೆ ಹಾಲಿಮುನ್ ಬೆಟ್ಟದ ಕೊನೆಯ ದಾರಿ ಬರೀ ಕಲ್ಲು, ಮಳೆಗಾಲದಲ್ಲಿ ಜಾರುತ್ತದೆ. ಜೀಪಿನ ಖರ್ಚು, ಎರಡು ರಾತ್ರಿ ಇಟ್ಟುಕೊಳ್ಳಿ.

ಖರ್ಚು ಕಡಿಮೆ ಆಗಬೇಕು, ನಡೆಯಲು ತಯಾರು ಎಂದರೆ ಹಳೆಯ ಕಟ್ಟುಪಾಡು ಬಿಡದ ಸುಂಡಾ ಸಮುದಾಯವಾದ ಬಾದುಯಿಗಳ ಕಾನೆಕೆಸ್. ಜಕಾರ್ತದಿಂದ ರಂಕಾಸ್‌ಬಿತುಂಗ್‌ಗೆ ಲೋಕಲ್ ರೈಲು, ಮುಂದೆ ಚಿಬೊಲೆಗೆರ್‌ವರೆಗೆ ವಾಹನ. ಇಲ್ಲಿ ನೀರುಗದ್ದೆಯಿಲ್ಲ, ನೇಗಿಲಿಲ್ಲ. ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯ, ಕೋಲಿನಿಂದ ಗುಳಿ ತೋಡಿ ಬಿತ್ತನೆ. ವಿದೇಶಿಯರಿಗೆ ಕಟ್ಟುಪಾಡು ಬಿಗಿಯಾದ ಒಳ ಬಾದುಯಿ ಊರುಗಳಿಗೆ ಪ್ರವೇಶವಿಲ್ಲ, ಭಾರತೀಯರಾದ ನಮಗೂ ಅಷ್ಟೇ. ಕಟ್ಟುಪಾಡು ಸ್ವಲ್ಪ ಸಡಿಲವಾದ ಹೊರ ಬಾದುಯಿ ಊರುಗಳು ಸಾಕು ಅನ್ನುವವರು ಮಾತ್ರ ಇದನ್ನು ಆರಿಸಿ.