ಥಿಯರಿ, ಮೆಮೊ, ಸಿಮ್ಯುಲೇಶನ್: ಕೆಲಸಕ್ಕೆ ಬಂದದ್ದು ಯಾವುದು?

ಗ್ಲೋಬಲ್ ಅಫೇರ್ಸ್‌ನಲ್ಲಿ (ದೇಶ ದೇಶಗಳ ನಡುವಿನ ವ್ಯವಹಾರದ ಓದು) ಎಂಎ ಮಾಡುವಾಗ ಮೂರು ಬಗೆಯ ಕ್ಲಾಸುಗಳಲ್ಲಿ ಕೂತಿದ್ದೇನೆ: ಥಿಯರಿ ಸೆಮಿನಾರ್, ಪಾಲಿಸಿ ಮೆಮೊ (ತೀರ್ಮಾನ ಮಾಡುವವರಿಗೆ ಸಲಹೆ ಕೊಡುವ ಚಿಕ್ಕ ಟಿಪ್ಪಣಿ) ಬರೆಯುವ ವರ್ಕ್‌ಶಾಪ್, ಸಂಧಾನದ ಸಿಮ್ಯುಲೇಶನ್ (ಒಬ್ಬೊಬ್ಬರು ಒಂದೊಂದು ದೇಶದ ಪಾತ್ರ ವಹಿಸುವ ಅಣಕು ಸಭೆ). ಈಗ ನೆರವು ಸಂಸ್ಥೆಯೊಂದರಲ್ಲಿ ಕೆಲಸ. ದಿನಾ ಕೈಹಿಡಿಯುವುದು ಮೆಮೊ ಕ್ಲಾಸೇ.

ಥಿಯರಿ ಬೇಡ ಅನ್ನುತ್ತಿಲ್ಲ. ರಿಯಲಿಸಂ (ದೇಶಗಳ ಬಲದ ಪೈಪೋಟಿಯೇ ಮುಖ್ಯ ಅನ್ನುವುದು), ಲಿಬರಲಿಸಂ (ಸಹಕಾರ, ಸಂಸ್ಥೆಗಳು ಮುಖ್ಯ ಅನ್ನುವುದು), ನಂಬಿಕೆ, ಗುರುತುಗಳಿಗೆ ಒತ್ತು ಕೊಡುವ ಕನ್‌ಸ್ಟ್ರಕ್ಟಿವಿಸಂ ಓದಿದರೆ ಒಂದೇ ಯುದ್ಧವನ್ನು ಬೇರೆ ಬೇರೆ ಕಡೆಯಿಂದ ನೋಡುವುದು ಬರುತ್ತದೆ. ಪಿಎಚ್‌ಡಿಗೆ ಹೋಗುವವರಿಗೆ ಅದೇ ಬುನಾದಿ. ಆದರೆ ಆಫೀಸಿನಲ್ಲಿ ಉದ್ದನೆಯ ಪ್ರಬಂಧ ಯಾರಿಗೂ ಬೇಡ.

ಮೆಮೊ ಅಂದರೆ ಎರಡೇ ಪುಟ. ಏನು ಮಾಡಬೇಕು ಅನ್ನುವುದು ಮೊದಲ ಪ್ಯಾರಾದಲ್ಲೇ ಇರಬೇಕು. ಹಿನ್ನೆಲೆಯಿಂದ ಶುರು ಮಾಡಿದವರಿಗೆ ಮೇಷ್ಟ್ರು ಪೇಪರ್ ವಾಪಸ್ ಕೊಡುತ್ತಿದ್ದರು. ಒಮ್ಮೆ ಕೊಟ್ಟ ವಿಷಯ: ನಿರಾಶ್ರಿತರಿಗೆ ಧಾನ್ಯ ಕೊಡುವುದಾ, ನಗದು ಕೊಡುವುದಾ? ಶಿಬಿರದ ಹತ್ತಿರ ಸಂತೆ ಚೆನ್ನಾಗಿ ನಡೆಯುತ್ತಿದ್ದರೆ ನಗದು ವಾಸಿ. ಜನ ಬೇಕಾದ್ದನ್ನೇ ಕೊಳ್ಳುತ್ತಾರೆ, ಸಾಗಾಟದ ಖರ್ಚೂ ಉಳಿಯುತ್ತದೆ. ಅಂಗಡಿಗಳಲ್ಲಿ ಮಾಲೇ ಇಲ್ಲದಿದ್ದರೆ? ನಗದು ಕೊಟ್ಟಷ್ಟೂ ಬೆಲೆ ಏರುತ್ತದೆ, ಆಗ ಧಾನ್ಯವೇ ಸರಿ. ಹಾಗಾಗಿ ಮೊದಲು ಸಂತೆಯ ಲೆಕ್ಕ ತೆಗೆಯಬೇಕು. ಈ ಪ್ರಶ್ನೆ ಈಗಲೂ ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತದೆ.

ಸಿಮ್ಯುಲೇಶನ್ ಎಲ್ಲಕ್ಕಿಂತ ಮಜಾ. ನಮ್ಮದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ: 15 ಸದಸ್ಯರು, ನಿರ್ಣಯ ಪಾಸಾಗಲು 9 ಮತ. ಮತ ಎಷ್ಟೇ ಕೂಡಿಸಿದರೂ 5 ಕಾಯಂ ಸದಸ್ಯರಲ್ಲಿ ಒಬ್ಬರು ವೀಟೊ ಹಾಕಿದರೆ ಮುಗಿಯಿತು. ಕರಡಿನಲ್ಲಿ ಒಪ್ಪಿಗೆಯಾಗದ ಮಾತುಗಳನ್ನು ಚೌಕ ಕಂಸದೊಳಗೆ ಇಡುತ್ತಿದ್ದೆವು. ಆ ಕಂಸಗಳು ಬಿಚ್ಚುತ್ತಿದ್ದದ್ದು ಜಾಸ್ತಿ ಟೀ ವಿರಾಮದಲ್ಲೇ, ಇಬ್ಬರು ಮೂವರು ಬದಿಗೆ ನಿಂತು ಮಾತಾಡುವಾಗ. ಒಂದು ಕೊರತೆ ಇದೆ. ನಿಜವಾದ ರಾಜತಾಂತ್ರಿಕರು ತಮ್ಮ ರಾಜಧಾನಿಯಿಂದ ಸೂಚನೆ ಬರುವ ತನಕ ಕಾಯಬೇಕು. ಕ್ಲಾಸಿನಲ್ಲಿ ನಾವೇ ತೀರ್ಮಾನ ಮಾಡಿಬಿಡುತ್ತಿದ್ದೆವು. ಕಾಯುವ ಆ ಒತ್ತಡವನ್ನೂ ಸೇರಿಸಬೇಕಿತ್ತು, ಅಲ್ವಾ?

ರಾಯಭಾರ ಕಚೇರಿಯ ಕನಸಿದ್ದರೆ ಸಿಮ್ಯುಲೇಶನ್ ತಗೊಳ್ಳಿ. ನೆರವು, ಅಭಿವೃದ್ಧಿ, ಸಂಶೋಧನಾ ಸಂಸ್ಥೆಗಳ ಕಡೆ ಹೋಗುವವರು ಮೆಮೊ ಕ್ಲಾಸ್ ಬಿಡಲೇಬೇಡಿ. ಜೊತೆಗೆ ಅಂಕಿಅಂಶದ ಒಂದು ಕೋರ್ಸ್ ಇರಲಿ.

ಭಾಷೆಯನ್ನು ಮಾತ್ರ ಈ ಯಾವ ಕ್ಲಾಸೂ ಕಲಿಸುವುದಿಲ್ಲ. ವಿಶ್ವಸಂಸ್ಥೆಗೆ 6 ಅಧಿಕೃತ ಭಾಷೆಗಳಿವೆ, ಅದರ ಸಚಿವಾಲಯದ ಕೆಲಸ ನಡೆಯುವುದು ಇಂಗ್ಲಿಷ್, ಫ್ರೆಂಚ್‌ನಲ್ಲಿ. ಫ್ರೆಂಚ್ ಕಲಿಯುವುದಾದರೆ ಮೊದಲ ಸೆಮಿಸ್ಟರ್‌ನಲ್ಲೇ ಶುರು ಮಾಡಿ. ಕೊನೆಯ ಸೆಮಿಸ್ಟರ್ ಪೂರ್ತಿ ಅರ್ಜಿ ಹಾಕುವುದರಲ್ಲೇ ಹೋಗುತ್ತದೆ.