ಕಂಪ್ರೆಷನ್ ಸ್ಟಾಕಿಂಗ್ಸ್: ಎಂಟು ತಿಂಗಳು ಹಾಕಿದ ಮೇಲೆ ಬರೆಯುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ, ಕಾಲನ್ನು ಬಿಗಿದು ಹಿಡಿಯುವ ಈ ಸ್ಟಾಕಿಂಗ್ಸ್ ಚೆನ್ನಾಗಿದೆ. ನನ್ನ ತಕರಾರು ಡಬ್ಬಿಯ ಮೇಲಿನ ಮಾತಿನ ಬಗ್ಗೆ. 'ವೆರಿಕೋಸ್ ವೇನ್ಸ್‌ಗೆ ಶಾಶ್ವತ ಪರಿಹಾರ' ಅಂತೆ, ಅಂದರೆ ಕಾಲಿನ ನರ ಉಬ್ಬಿ ಸುತ್ತಿಕೊಳ್ಳುವ ತೊಂದರೆಗೆ. ಅದನ್ನು ನಂಬಿ ಎಂಟು ತಿಂಗಳು ಡಾಕ್ಟರ್ ಹತ್ತಿರ ಹೋಗದೆ ಸುಮ್ನೆ ಕೂತಿದ್ದೆ.

ನನ್ನದು ದಿನವಿಡೀ ನಿಂತೇ ಮಾಡುವ ಕೆಲಸ. ಎಡಗಾಲಿನ ಮೀನಖಂಡದಲ್ಲಿ ನರ ಉಬ್ಬಿ ಸುತ್ತಿಕೊಂಡು ವರ್ಷಗಳೇ ಆಗಿದ್ದವು. ನರ ಅಂತ ನಾವು ರೂಢಿಗೆ ಹೇಳುವುದು, ನಿಜಕ್ಕೂ ಅದು ರಕ್ತನಾಳ ಅಲ್ವಾ. ಅದರೊಳಗೆ ಒಂದೇ ಕಡೆಗೆ ತೆರೆಯುವ ಪುಟ್ಟ ಕವಾಟಗಳಿರುತ್ತವೆ. ಅವು ಕೆಟ್ಟರೆ ಮೇಲೆ ಹೋಗಬೇಕಾದ ರಕ್ತ ವಾಪಸ್ ಇಳಿದು ಕಾಲಲ್ಲೇ ನಿಲ್ಲುತ್ತದೆ. ಸ್ಟಾಕಿಂಗ್ಸ್ ಪಾದದ ಗಂಟಿನ ಹತ್ತಿರ ಜಾಸ್ತಿ, ಮೇಲೆ ಹೋದಂತೆ ಕಡಿಮೆ ಬಿಗಿದು ಆ ರಕ್ತಕ್ಕೆ ಹತ್ತಲು ನೆರವಾಗುತ್ತದೆ. ಅಷ್ಟೇ. ಕೆಟ್ಟ ಕವಾಟ ಅದರಿಂದ ಸರಿಹೋಗುವುದಿಲ್ಲ.

ನಾನು ತರಿಸಿದ್ದು 20–30 ಎಂಎಂಎಚ್‌ಜಿ ಒತ್ತಡದ್ದು (ಬಿಪಿ ಅಳೆಯುವ ಅದೇ ಮಾನ), ಮೊಣಕಾಲಿನ ಕೆಳಗಿನವರೆಗೆ ಬರುತ್ತದೆ. ಹಾಕಿಕೊಳ್ಳುವುದೇ ಒಂದು ಕುಸ್ತಿ! ಬೆಳಗ್ಗೆ ಕಾಲು ಊದುವ ಮೊದಲೇ ಹಾಕಬೇಕು, ಹಿಮ್ಮಡಿಯ ತನಕ ಒಳಗು ಹೊರಗು ಮಾಡಿ ಪಾದ ತೂರಿಸಿ, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಮೆಲ್ಲಗೆ ಮೇಲಕ್ಕೆ ಸವರಿದರೆ ಬರುತ್ತದೆ. ಮೇಲಿನ ಅಂಚು ಮಾತ್ರ ಮಡಚಬೇಡಿ, ದಾರ ಕಟ್ಟಿದ ಹಾಗೆ ಬಿಗಿಯುತ್ತದೆ. ಒಂದೇ ವಾರಕ್ಕೆ ಸಂಜೆಯ ಭಾರ, ಜಗ್ಗಾಟ ಎಲ್ಲ ಕಡಿಮೆಯಾಯಿತು. ಐದಾರು ತಿಂಗಳಿಗೆ ಬಟ್ಟೆ ಸಡಿಲವಾಯಿತು, ಇನ್ನೊಂದು ಜೊತೆ ತರಿಸಿದೆ.

ನೋವು ಹೋಯಿತಲ್ಲ, ಕಾಲು ನೋಡುವುದನ್ನೇ ಬಿಟ್ಟೆ. ಪಾದದ ಗಂಟಿನ ಹತ್ತಿರ ತುರಿಸುತ್ತಿತ್ತು, ಬಟ್ಟೆ ಆಗಿಬರುತ್ತಿಲ್ಲ ಅಂದುಕೊಂಡೆ. ಒಂದು ರಾತ್ರಿ ಬಿಚ್ಚಿದಾಗ ಸ್ಟಾಕಿಂಗ್ಸ್ ಒಳಗೆ ಬಿಳಿ ಹೊಟ್ಟು. ಒಳಗಂಟಿನ ಮೇಲೆ ಅಂಗೈ ಅಗಲ ಕಂದು ಕಲೆ, ಬೆರಳಿಟ್ಟರೆ ಚರ್ಮ ಹಲಗೆಯ ಹಾಗೆ ಗಟ್ಟಿ. ಡಾಕ್ಟರ್ ಉಬ್ಬಿದ ನರವನ್ನು ಒಂದು ಕ್ಷಣ ನೋಡಿ, ಆ ಕಲೆಯನ್ನು ಐದು ನಿಮಿಷ ನೋಡಿದರು. "ನರ ಎಷ್ಟು ದಪ್ಪ ಅನ್ನೋದಲ್ಲ, ಚರ್ಮ ಹೇಗಿದೆ ಅನ್ನೋದು ಮುಖ್ಯ" ಅಂದರು. ಮುಂದಿನ ಮೆಟ್ಟಿಲು ಹುಣ್ಣಂತೆ, ಬಂದರೆ ತಿಂಗಳುಗಟ್ಟಲೆ ಮಾಯುವುದಿಲ್ಲವಂತೆ. ನಾಳದಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು, ಆಮೇಲೆ ಲೇಸರ್ ಚಿಕಿತ್ಸೆ ಆಯಿತು. ಅದರ ಕಥೆ ಇನ್ನೊಮ್ಮೆ.

ಡಬ್ಬಿಯಲ್ಲಿ ಇರಬೇಕಾಗಿದ್ದು ಇವು. ಉಬ್ಬಿದ ನಾಳ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ನೋವಾದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಬೇಗ ತೋರಿಸಬೇಕು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಆಳದ ನಾಳದಲ್ಲೇ ಹೆಪ್ಪುಗಟ್ಟಿರುವ ಭಯ, ಅವತ್ತೇ ಹೋಗಬೇಕು. ಜೊತೆಗೆ ಉಸಿರಾಡಲು ಕಷ್ಟ, ಎದೆನೋವು ಬಂದರೆ ಒಂದು ನಿಮಿಷವೂ ಕಾಯದೆ ಎಮರ್ಜೆನ್ಸಿಗೆ. ನಾಳ ಒಡೆದು ರಕ್ತ ಸುರಿದರೆ ಮಲಗಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದು, ಸಹಾಯಕ್ಕೆ ಕೂಗಬೇಕು. ಇನ್ನೊಂದು, ಕಾಲಿಗೆ ರಕ್ತ ತರುವ ಅಪಧಮನಿಯೇ ಕಟ್ಟಿಕೊಂಡಿರುವವರಿಗೆ ಈ ಬಿಗಿ ಅಪಾಯ. ಸಕ್ಕರೆ ಕಾಯಿಲೆ ಇರುವವರು, ಸಿಗರೇಟ್ ಸೇದುವವರು ಡಾಕ್ಟರನ್ನು ಕೇಳದೆ ಕೊಳ್ಳಲೇಬೇಡಿ.

ಸ್ಟಾಕಿಂಗ್ಸ್‌ಗೆ ನಾಲ್ಕು ಸ್ಟಾರ್, ಡಬ್ಬಿಯ ಮಾತಿಗೆ ಸೊನ್ನೆ. ಅಂದಹಾಗೆ ನಾನು ಕೇಳಿದ್ದು ಮೈಬಣ್ಣದ್ದು, ಕಳಿಸಿದ್ದು ಕಪ್ಪು. ಅದಕ್ಕೊಂದು ಸ್ಟಾರ್ ಕಳೆಯೋಣ ಅಂತಿದ್ದೆ, ಆದರೆ ಆ ಬಿಳಿ ಹೊಟ್ಟು ಕಣ್ಣಿಗೆ ಬಿದ್ದಿದ್ದೇ ಕಪ್ಪು ಬಟ್ಟೆಯಿಂದ, ಹಾಗಾಗಿ ಬಿಟ್ಟೆ.